ಕುಕ್ಕರ್ ಕಾಯುವ ಪಾಳಿ

ಮಾವನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಡಾಕ್ಟರು ಬಿಳಿ ಅನ್ನ ಬಿಡಿಸಿದ ಮೇಲೆ ಆ ಮೂರನೆಯ ಮಹಡಿಯ ಮನೆಯ ನೆಮ್ಮದಿ ಕಂದು ಅಕ್ಕಿಯ ಕೈಗೆ ಹೋಯಿತು. ತೌಡು ತೆಗೆಯದ ಆ ಅಕ್ಕಿ ಸುಲಭಕ್ಕೆ ಬಗ್ಗುವ ಜಾತಿಯದಲ್ಲ. ಒಲೆಯ ಮೇಲೆ ಮುಕ್ಕಾಲು ಗಂಟೆ ಕುದಿಸಿದರೂ ಹಲ್ಲಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಮೊದಲ ವಾರ ಅತ್ತೆ ಅದನ್ನು ಒಲೆಗೇರಿಸಿ, ಕಾದು ಕಾದು, ಅಡುಗೆಮನೆಯ ಕುರ್ಚಿಯಲ್ಲೇ ತೂಕಡಿಸಿಬಿಟ್ಟರು. ಪಾತ್ರೆ ಕರಕಾಯಿತು. ಹೊಗೆ ಬಾಗಿಲ ಸಂದಿಯಿಂದ ಹೊರಬಿದ್ದು ಎದುರು ಮನೆಯವರು ಬಂದು ಬಾಗಿಲು ಬಡಿದರು.

ಮಗ ನಗರದ ಬಸ್ಸಿನ ಡ್ರೈವರ್. ಬೆಳಿಗ್ಗೆ ಐದಕ್ಕೆ ಹೋದರೆ ಮಧ್ಯಾಹ್ನ ಮೂರಕ್ಕೆ ಬರುವವನು. ಬಂದವನೇ ಕರಿ ಪಾತ್ರೆಯನ್ನು ಎತ್ತಿ ಹಿಡಿದು ತೀರ್ಪು ಕೊಟ್ಟ.

"ಅಮ್ಮಾ, ಇನ್ಮೇಲೆ ನೀನೊಬ್ಬಳೇ ಇದ್ದಾಗ ಒಲೆ ಮುಟ್ಟಬೇಡ."

"ನಲವತ್ತು ವರ್ಷ ಮುಟ್ಟಿದೀನಲ್ಲೋ."

"ಅದಕ್ಕೇ ಹೇಳ್ತಿರೋದು, ಸಾಕು."

ಮಾರನೆಯ ವಾರ ಕರೆಂಟಿನ ಪ್ರೆಶರ್ ಕುಕ್ಕರ್ ಬಂತು. ಕೂಗುವುದಿಲ್ಲ, ಕುಣಿಯುವುದಿಲ್ಲ. ಮುಚ್ಚಳದ ಮೇಲೆ ಒಂದು ಪುಟ್ಟ ಮುಳ್ಳು. ಒಳಗೆ ಒತ್ತಡ ಏರಿದರೆ ಮೇಲೇಳುತ್ತದೆ, ಇಳಿದರೆ ಮಲಗುತ್ತದೆ. ಪಕ್ಕದಲ್ಲಿ ಉಗಿ ಬಿಡುವ ತಿರುಪು. ಒಂದು ಲೋಟ ಕಂದು ಅಕ್ಕಿಗೆ ಒಂದೂಕಾಲು ಲೋಟ ನೀರು, ಇಪ್ಪತ್ತೆರಡು ನಿಮಿಷ ಒತ್ತಡ, ಆಮೇಲೆ ಹತ್ತು ನಿಮಿಷ ಯಾರೂ ಮುಟ್ಟದೆ ಬಿಡಬೇಕು. ಉಗಿ ತಾನಾಗಿ ಇಳಿಯುವಷ್ಟರಲ್ಲಿ ಅಗುಳು ಒಳಗಿನಿಂದ ಅರಳಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ಎಲ್ಲ ತುಂಬಿಸಿಟ್ಟು 'ಹನ್ನೊಂದೂವರೆಗೆ ಶುರುವಾಗು' ಎಂದು ಗುಂಡಿ ಒತ್ತಿದರೆ ಆ ಹೊತ್ತಿಗೆ ಅದೇ ಶುರುವಾಗುತ್ತಿತ್ತು. ಮನೆಯಲ್ಲಿ ಹೇಳಿದ ಮಾತು ಕೇಳುವ ಒಂದಾದರೂ ಜೀವ ಬಂತಲ್ಲ ಎಂದು ಸೊಸೆ ಖುಷಿಪಟ್ಟಳು.

ಆ ಗುಂಡಿಯ ಧೈರ್ಯದ ಮೇಲೆಯೇ ಅವಳು ಕೆಲಸಕ್ಕೆ ಅರ್ಜಿ ಹಾಕಿದ್ದು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ದುರಸ್ತಿ ಕೋಣೆ. ಹರಿದ ಹಾಸಿಗೆ ಬಟ್ಟೆ, ಹೊಲಿಗೆ ಬಿಟ್ಟ ರೋಗಿಗಳ ನಿಲುವಂಗಿ, ಅಂಚು ಕಿತ್ತುಹೋದ ಟವೆಲು, ಇವನ್ನೆಲ್ಲ ತೇಪೆ ಹಾಕಿ ಮತ್ತೆ ವಾರ್ಡಿಗೆ ಕಳಿಸುವ ಕೆಲಸ. ಆರು ವಾರ ಪರೀಕ್ಷೆಯ ಅವಧಿ; ರಜೆ ಹಾಕದೆ ದಾಟಿದರೆ ಕಾಯಂ. ಹದಿನಾಲ್ಕು ವರ್ಷ ಮನೆಯ ಕಿಟಕಿ ಪಕ್ಕ ಕೂತು ನೆರೆಹೊರೆಯವರ ಪ್ಯಾಂಟು ಮೋಟು ಮಾಡಿಕೊಟ್ಟವಳು ಅವಳು. ಆ ಕೋಣೆಯ ಮೇಲ್ವಿಚಾರಕಿ ಮೊದಲ ದಿನ ಒಂದು ಕುರ್ಚಿ ತೋರಿಸಿ, "ಇದು ನಿಮ್ಮದು, ಬೇರೆಯವರು ಕೂರಲ್ಲ" ಎಂದಾಗ ಅವಳು ಕೂರುವ ಮೊದಲು ಸೆರಗಿನಿಂದ ಅದನ್ನೊಮ್ಮೆ ಒರೆಸಿದಳು. ಮದುವೆಯಾದ ಮೇಲೆ ಇದು ನಿನ್ನದು ಎಂದು ಯಾರೂ ಒಂದು ಮಣೆಯನ್ನೂ ತೋರಿಸಿರಲಿಲ್ಲ.

ಮಾವನಿಗೆ ಮಾತ್ರ ಕುಕ್ಕರ್ ನೋಡಿದರೆ ಸಮಾಧಾನವಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರ್ ನೋಡಿಕೊಂಡವರು. ಕಟ್ಟಡದ ಮಕ್ಕಳಿಗೆಲ್ಲ ಅವರು ಬಾಯ್ಲರ್ ತಾತ.

"ಉಗಿ ಏರಿದ ಪಾತ್ರೆ ಬಿಟ್ಟು ಕದಲಬಾರದು," ಎಂದರು. "ಅದು ಎಷ್ಟೇ ಚಿಕ್ಕದಿರಲಿ."

"ಮಾವ, ಇದು ತಾನೇ ನಿಲ್ಲುತ್ತೆ."

"ತಾನೇ ನಿಲ್ಲುತ್ತೆ ಅಂದ್ಕೊಂಡವರ ಫೋಟೋ ನಮ್ಮ ಕಾರ್ಖಾನೆ ಗೋಡೇಲಿತ್ತು. ಹಾರ ಹಾಕಿ."

ಹೀಗೆಂದು ಒಂದು ಸ್ಟೂಲನ್ನು ಅಡುಗೆಮನೆಗೆ ಎಳೆದು ಕುಕ್ಕರಿನ ಎದುರು ಹಾಕಿಕೊಂಡರು. ನಿವೃತ್ತಿಯಾಗಿ ಹನ್ನೊಂದು ವರ್ಷವಾದ ಮೇಲೆ ಡ್ಯೂಟಿ ಸಿಕ್ಕಿತ್ತು. ಇರಲಿ ಬಿಡು ಎಂದು ಎಲ್ಲರೂ ಸುಮ್ಮನಾದರು.

ಮೊದಲ ಸೋಮವಾರ ಸೊಸೆ ಐದಕ್ಕೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ತಟ್ಟೆ ಹಾಗೇ ಇತ್ತು. ಅನ್ನ ಬಿಡಿಬಿಡಿಯಾಗಿ ಕೂತಿತ್ತು, ಬೆಂದಿರಲಿಲ್ಲ.

"ಇದು ಅನ್ನವಾ, ಕಲ್ಲಾ?" ಎಂದರು ಮಾವ. "ಎರಡು ಬ್ರೆಡ್ ತಿಂದು ಕೂತಿದೀನಿ."

"ನಿನ್ನೆ ಚೆನ್ನಾಗೇ ಬೆಂದಿತ್ತಲ್ಲ ಮಾವ."

"ನಿನ್ನೆ ನೀನಿದ್ದೆ," ಎಂದರು ಅತ್ತೆ, ಬಟ್ಟೆ ಮಡಿಸುತ್ತ.

ಅವಳು ಒಂದು ಅಗುಳು ತೆಗೆದು ಹಿಸುಕಿದಳು. ಮಧ್ಯದಲ್ಲಿ ಸೂಜಿಯಷ್ಟು ಬಿಳಿ ಉಳಿದಿತ್ತು. ಮಂಗಳವಾರ ನೀರು ಒಂದೂವರೆ ಲೋಟ ಮಾಡಿದಳು. ಬುಧವಾರ ಅಕ್ಕಿಯನ್ನು ರಾತ್ರಿಯೇ ನೆನೆಹಾಕಿದಳು. ಗುರುವಾರ ಇಪ್ಪತ್ತೆರಡು ನಿಮಿಷವನ್ನು ಮೂವತ್ತಕ್ಕೆ ಏರಿಸಿದಳು. ಮೇಲೆ ಗಟ್ಟಿ, ತಳದಲ್ಲಿ ಸೀದ ಹೊಪ್ಪಳೆ. ಭಾನುವಾರ ಬಂತು, ಅವಳೇ ನಿಂತು, ಮತ್ತೆ ಒಂದೂಕಾಲು ಲೋಟ, ಇಪ್ಪತ್ತೆರಡು ನಿಮಿಷ. ಅನ್ನ ಹೂವಿನ ಹಾಗೆ ಅರಳಿತು. ಮಾವ ಎರಡು ಸಲ ಬಡಿಸಿಕೊಂಡರು.

ಹನ್ನೆರಡು ವರ್ಷದ ಮಗಳು ತಟ್ಟೆಯ ಮುಂದೆ ಬೆರಳೆತ್ತಿದಳು. ಎಲ್ಲದಕ್ಕೂ ವಾದಕ್ಕೆ ನಿಲ್ಲುವ ಅವಳನ್ನು ಮನೆಯಲ್ಲಿ ಕರೆಯುವುದೇ ವಕೀಲಿ ಎಂದು.

"ಅದೇ ಅಕ್ಕಿ, ಅದೇ ನೀರು, ಅದೇ ಕುಕ್ಕರ್. ಭಾನುವಾರ ಬೇಯುತ್ತೆ, ಸೋಮವಾರ ಬೇಯಲ್ಲ. ಅಂದ್ರೆ ತಪ್ಪು ಅಕ್ಕಿದಲ್ಲ."

"ಮತ್ತೆ ಯಾರದು?" ಎಂದ ಅಪ್ಪ.

"ತನಿಖೆ ಆಗ್ಬೇಕು."

"ಊಟ ಮಾಡು, ವಕೀಲಿ. ತಪ್ಪು ಯಾರದೂ ಅಲ್ಲ. ನಿಮ್ಮಮ್ಮನ ಕೈಗುಣ ಅದು. ಅವಳು ಮನೇಲಿದ್ರೆ ಕಲ್ಲೂ ಬೇಯುತ್ತೆ."

ಹೊಗಳಿಕೆಗೆ ಸೊಸೆ ನಕ್ಕಳು. ಆದರೆ ಆ ಕೈಗುಣ ಎಂಬ ಮಾತು ಆಮೇಲೆ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿತು. ಎದುರು ಮನೆಯವರು ಬಂದರೆ ಮಾವ ಅದನ್ನೇ ಹೇಳುವರು. ಫೋನಿನಲ್ಲಿ ನಾದಿನಿಗೂ ಅದೇ ಸುದ್ದಿ ಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿ ಹೊಗಳಿ ಬಾಗಿಲಿಗೆ ಚಿಲಕ ಹಾಕಿದರೆ ಏನು ಮಾಡುವುದು?

ಅವಳು ಅತ್ತೆಯನ್ನು ಕೇಳಿದಳು. "ಅತ್ತೆ, ಮಧ್ಯೆ ಕರೆಂಟ್ ಏನಾದ್ರೂ ಹೋಗುತ್ತಾ?"

"ಇಲ್ಲಮ್ಮ."

"ಮುಚ್ಚಳ ಯಾರಾದ್ರೂ ತೆಗೆದು ನೋಡ್ತೀರಾ?"

"ಮುಚ್ಚಳ ಯಾರೂ ಮುಟ್ಟಲ್ಲ," ಎಂದರು ಅತ್ತೆ. ಅದು ಸುಳ್ಳಾಗಿರಲಿಲ್ಲ.

ಮೂರನೆಯ ವಾರದ ಗುರುವಾರ, ತೇಪೆಗೆ ಬಟ್ಟೆ ಚೌಕವಾಗಿ ಕತ್ತರಿಸುತ್ತ ಕೂತಿದ್ದವಳಿಗೆ ಮನೆಯಿಂದ ಫೋನ್ ಬಂತು. ಮಾವ ಹನ್ನೆರಡಕ್ಕೆ ಮಾತ್ರೆ ನುಂಗಿದ್ದರು, ಅನ್ನ ಗಟ್ಟಿಯೆಂದು ತಟ್ಟೆ ತಳ್ಳಿದ್ದರು, ಬ್ರೆಡ್ ಮುಗಿದಿತ್ತು. ಒಂದೂವರೆಗೆ ಕೈ ನಡುಗಿ, ಬೆವತು, ಸ್ಟೂಲಿನಿಂದ ಜಾರಿ ಕೂತಿದ್ದರು. ಅವಳು ಕತ್ತರಿ ಹಾಗೇ ಬಿಟ್ಟು ಓಡಿದಳು. ಅಷ್ಟರಲ್ಲಿ ಅತ್ತೆ ಸಕ್ಕರೆ ನೀರು ಕುಡಿಸಿದ್ದರು. ಮಾವ ಮಂಚದ ಮೇಲೆ ಮಗುವಿನಂತೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಸೊಸೆ ಅವತ್ತು ಮಧ್ಯಾಹ್ನ ಪೂರ್ತಿ ಮನೆಯಲ್ಲೇ ಉಳಿದಳು.

ಮರುದಿನ ಮೇಲ್ವಿಚಾರಕಿ ಕನ್ನಡಕ ಹಣೆಗೇರಿಸಿ ಕೇಳಿದರು. "ಮಾವ ಹೇಗಿದಾರೆ?"

"ಪರವಾಗಿಲ್ಲ ಮೇಡಂ."

"ಒಂದು ಅರ್ಧ ದಿನ ನಾನು ನೋಡದ ಹಾಗೆ ಇರ್ತೀನಿ. ಎರಡನೇದು ನನ್ನ ಕೈಲಿಲ್ಲ. ನಿಮ್ಮ ತೇಪೆ ಚೆನ್ನಾಗಿದೆ, ಅಂಚೇ ಕಾಣಲ್ಲ. ಅದಕ್ಕೇ ಹೇಳಿದೆ."

ಮನೆಯಲ್ಲಿ ಗಂಡನ ರಾಗ ಬೇರೆಯೇ. ಸಂಜೆ ಬೇಯಿಸಿದ ಹುರುಳಿಕಾಯಿ ಬಡಿಸುತ್ತಿದ್ದಾಗ ಶುರು ಮಾಡಿದ.

"ಇನ್ನೊಂದು ಸಲ ಅಪ್ಪ ಬಿದ್ರೆ?"

"ಬ್ರೆಡ್ ಎರಡು ಪ್ಯಾಕೆಟ್ ತಂದಿಟ್ಟಿದೀನಿ."

"ಡಾಕ್ಟರ್ ಬ್ರೆಡ್ ತಿನ್ನಿ ಅಂದ್ರಾ, ಕಂದು ಅನ್ನ ತಿನ್ನಿ ಅಂದ್ರಾ?"

"ಅನ್ನ ಹಾಕಿಟ್ಟೇ ಹೋಗ್ತೀನಲ್ಲ. ಬೇಯದಿದ್ರೆ ನಾನೇನು ಅದರೊಳಗೆ ಕೂತ್ಕೊಳ್ಲಾ?"

"ನೀನಿದ್ರೆ ಬೇಯುತ್ತೆ."

"ಅದನ್ನೇ ಹೇಳ್ತೀರ, ಅದನ್ನೇ ಹೇಳ್ತೀರ."

"ಇರೋದನ್ನೇ ಹೇಳ್ತಿರೋದು."

ಶನಿವಾರ ಸಂಜೆ ಅವಳು ಕುಕ್ಕರನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಎರಡು ಬಸ್ ಬದಲಿಸಿ, ರಿಪೇರಿ ಅಂಗಡಿಗೆ ಹೊತ್ತೊಯ್ದಳು. ಮೆಕ್ಯಾನಿಕ್ ನೀರು ಹಾಕಿ ಓಡಿಸಿ, ರಬ್ಬರು ಎಳೆದು ನೋಡಿ, ಮೂಸಿಯೂ ನೋಡಿದ. "ಯಂತ್ರ ಗಟ್ಟಿಮುಟ್ಟಾಗಿದೆ ಅಮ್ಮ. ತೊಂದರೆ ಮನೇಲಿದೆ." ಅವನಿಗೆ ಹಾಗೆ ಹೇಳುವುದು ಅಭ್ಯಾಸವಿರಬೇಕು. ಅವಳು ವೈರಿಂಗ್ ಇರಬಹುದೆಂದುಕೊಂಡು ಗೋಡೆಯ ಪ್ಲಗ್ ಬದಲಿಸಿದಳು. ಅನ್ನ ಮತ್ತೆ ಗಟ್ಟಿ.

ಐದನೆಯ ವಾರ ನಸುಕಿನಲ್ಲೇ ಎದ್ದು ಅನ್ನ ಮಾಡಿ ಬಿಸಿ ಡಬ್ಬಿಗೆ ತುಂಬಿಟ್ಟು ಹೋದಳು. ಮಾವ ಡಬ್ಬಿಯ ಮುಚ್ಚಳ ತೆಗೆದು ಹಾಗೇ ಮುಚ್ಚಿದರು. "ಮೂವತ್ತನಾಲ್ಕು ವರ್ಷ ಬಾಯ್ಲರ್ ಪಕ್ಕ ಕೂತು ಡಬ್ಬಿ ಅನ್ನ ತಿಂದಿದೀನಿ. ಮನೇಲಿ ಕೂತೂ ಡಬ್ಬೀನಾ?" ಎಂದರಂತೆ. ಎರಡು ದಿನ ಅರ್ಧ ತಿಂದು, ಮೂರನೆಯ ದಿನ ಬಿಟ್ಟರು. ಅತ್ತೆ ಆ ಅನ್ನವನ್ನು ತಾವು ತಿಂದರು.

ಆರನೆಯ ವಾರದ ಶುಕ್ರವಾರದ ಹೊತ್ತಿಗೆ ಸೊಸೆಗೆ ಸಾಕಾಗಿತ್ತು. ಗಂಡ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಉಪ್ಪು ಬೇಕಾದರೂ ಮಗಳ ಮೂಲಕ ಕೇಳುತ್ತಿದ್ದ. ಮಾವನ ಕೈ ಮತ್ತೆ ನಡುಗಿದರೆ ಆ ಪಾಪ ತನ್ನ ತಲೆಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು, ಸಂಜೆ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತಳು.

"ಮೇಡಂ, ನನ್ನ ಕೈಲಾಗಲ್ಲ. ಮನೇಲಿ ಅನುಕೂಲ ಇಲ್ಲ."

"ಏನು ಅನುಕೂಲ?"

ಅನ್ನ ಬೇಯುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು.

"ಕಾಯಂ ಆರ್ಡರು ಬಂದಾಗಿದೆ, ನಿಮ್ಮ ಸಹಿ ಒಂದು ಬಾಕಿ," ಎಂದರು ಅವರು. "ಸೋಮವಾರ ಹತ್ತು ಗಂಟೆ ತನಕ ಈ ಮೇಜಿನ ಮೇಲಿರುತ್ತೆ. ಆಮೇಲೆ ಪಟ್ಟಿಯಲ್ಲಿ ಇನ್ನೊಬ್ಬರಿದಾರೆ."

ಮನೆಗೆ ಬಂದು ಹೇಳಿದಾಗ ಗಂಡನ ಬಾಯಿಗೆ ಮಾತು ವಾಪಸ್ ಬಂತು. "ಒಳ್ಳೇದಾಯ್ತು. ಅಪ್ಪನ ಆರೋಗ್ಯಕ್ಕಿಂತ ಹೆಚ್ಚಾ?" ಎಂದು ಅವಳ ತಟ್ಟೆಗೆ ತಾನೇ ಮೊಟ್ಟೆ ಹಾಕಿದ. ಮಗಳು ಮಾತ್ರ "ತನಿಖೆ ಮುಗಿದಿಲ್ಲ" ಎಂದು ಗೊಣಗಿದಳು.

ಶನಿವಾರ ಬೆಳಿಗ್ಗೆ ಸೊಸೆ ಅಕ್ಕಿ ತೊಳೆದು ಕುಕ್ಕರಿಗೆ ಹಾಕುತ್ತಿದ್ದಾಗ ಮಾವ ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು ಅಡುಗೆಮನೆಗೆ ಬಂದರು. ಕೈಯಲ್ಲಿ ಮೊಮ್ಮಗಳ ಹಳೆಯ ಲೆಕ್ಕದ ಪುಸ್ತಕ.

"ಸೋಮವಾರದಿಂದ ನೀನೇ ಇರ್ತೀಯಂತೆ. ನಿಯಮದ ಪ್ರಕಾರ ಚಾರ್ಜ್ ಕೊಡಬೇಕು. ತಗೋ."

"ಏನಿದು ಮಾವ?"

"ಲಾಗ್ ಪುಸ್ತಕ. ಬಾಯ್ಲರ್ ಅಂದ ಮೇಲೆ ಬರೆದಿಡಬೇಕು. ಒಂದು ದಿನವೂ ತಪ್ಪಿಸಿಲ್ಲ ನಾನು."

ಅವರ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಹಿಗ್ಗಿತ್ತು. ಅವಳು ಮೊದಲು ನಗುತ್ತಲೇ ಪುಟ ತಿರುಗಿಸಿದಳು. ಗೆರೆ ಹೊಡೆದು, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು.

'ಸೋಮವಾರ. ೧೧.೪೧ ಒತ್ತಡ ಬಂತು. ವಾಲ್ವ್ ತೆರೆದು ಪರೀಕ್ಷೆ, ಮುಳ್ಳು ಕೆಳಗಿಳಿಯುವ ತನಕ. ಸರಿ ಇದೆ. ೧೧.೫೨ ಎರಡನೇ ಪರೀಕ್ಷೆ. ಸರಿ ಇದೆ. ೧೨.೦೩ ಪಾಳಿ ಅಂತ್ಯ. ಉಗಿ ಪೂರ್ತಿ ಬಿಡಲಾಗಿದೆ. ಅನ್ನ: ಗಟ್ಟಿ.'

ಮಂಗಳವಾರವೂ ಅದೇ. ಬುಧವಾರವೂ ಅದೇ. ಪುಟಗಟ್ಟಲೆ ಅದೇ.

ಅವಳು ನಿಧಾನವಾಗಿ ಕೇಳಿದಳು. "ಮಾವ, ದಿನಾ ಮೂರು ಸಲ ಉಗಿ ಬಿಡ್ತಿದ್ರಾ?"

"ಮತ್ತೆ? ಪಾಳಿಗೆ ಮೂರು ಸಲ ಸೇಫ್ಟಿ ವಾಲ್ವ್ ಎತ್ತಿ ನೋಡಲೇಬೇಕು. ಜಾಮ್ ಆಗಿದ್ರೆ ಗೊತ್ತಾಗೋದು ಹೇಗೆ?"

"ಭಾನುವಾರ?"

"ಭಾನುವಾರ ನೀನಿರ್ತೀಯಲ್ಲ. ಇನ್ನೊಬ್ಬರ ಪಾಳೀಲಿ ಕೈ ಹಾಕಬಾರದು."

ಸೊಸೆ ಕುಕ್ಕರಿನ ಕಡೆ ನೋಡಿದಳು. ಮೂರು ಸಲ ಉಸಿರು ಬಿಡಿಸಿದರೆ ಅದಾದರೂ ಏನು ಬೇಯಿಸೀತು? ಒಳಗಿನ ಗಡಿಯಾರ ತನ್ನ ಪಾಡಿಗೆ ಇಪ್ಪತ್ತೆರಡು ಎಣಿಸುತ್ತಿತ್ತು, ಒತ್ತಡ ಐದು ನಿಮಿಷವೂ ನಿಲ್ಲುತ್ತಿರಲಿಲ್ಲ. ಕೊನೆಯ ಹತ್ತು ನಿಮಿಷದ ವಿಶ್ರಾಂತಿಯೂ ಇಲ್ಲ. ಇದಕ್ಕಾಗಿ ತಾನು ನೀರಿನ ಲೋಟ ಬದಲಿಸಿದ್ದು, ಪ್ಲಗ್ ಬದಲಿಸಿದ್ದು, ಕುರ್ಚಿ ಬಿಟ್ಟುಕೊಟ್ಟಿದ್ದು. ಆಗಲೇ ಅವಳ ಕಣ್ಣಿಗೆ ಪುಟದ ಅಡಿ ಬಿತ್ತು. ಎರಡು ಸಹಿ. ಒಂದು ಮಾವನದು. ಇನ್ನೊಂದು, ಅಂಕುಡೊಂಕಾಗಿ, ಪ್ರತಿ ಪುಟದಲ್ಲೂ.

"ಇದ್ಯಾರದು?"

"ಸಾಕ್ಷಿ. ಪರೀಕ್ಷೆಗೆ ಇಬ್ಬರು ಬೇಕು. ನಿಮ್ಮತ್ತೇದು."

ಅತ್ತೆ ಒಳಕೋಣೆಯಲ್ಲಿ ಮಂಚದ ಅಂಚಿಗೆ ಕೂತು ಕಾಲುಚೀಲದ ಜೋಡಿ ಹುಡುಕುತ್ತಿದ್ದರು. ಸೊಸೆ ಪುಸ್ತಕ ಮುಂದೆ ಹಿಡಿದಳು.

"ಅತ್ತೆ, ದಿನಾ ನೋಡಿದ್ರಿ."

"ದಿನಾ."

"ಉಗಿ ಬಿಟ್ರೆ ಬೇಯಲ್ಲ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ನಲವತ್ತು ವರ್ಷ ಅನ್ನ ಮಾಡಿದೋಳಿಗೆ ಅಷ್ಟೂ ಗೊತ್ತಾಗಲ್ವೇ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಅತ್ತೆ ಕಾಲುಚೀಲ ಕೆಳಗಿಟ್ಟರು. "ನೀನು ಎಂಟು ಗಂಟೆಗೆ ಬಾಗಿಲು ಎಳ್ಕೊಂಡು ಹೋಗ್ತೀಯ. ಆಮೇಲೆ ನಾನು, ಅವರು. 'ಎಲ್ಲಿದ್ದೀಯ?' ಬಾಲ್ಕನಿಗೆ ಹೋದ್ರೆ 'ಎಲ್ಲಿದ್ದೀಯ?' ಬಚ್ಚಲಲ್ಲಿ ಕೂತಿದ್ರೂ 'ಎಲ್ಲಿದ್ದೀಯ?' ಕೆಟ್ಟೋರಲ್ಲ ಕಣೇ. ನಾನು ಕಣ್ಣಿಗೆ ಬೀಳ್ತಿರಬೇಕು, ಅಷ್ಟೆ. ಮೊದಲು ಕಾರ್ಖಾನೆ ಇತ್ತು, ದಿನಕ್ಕೆ ಎಂಟು ಗಂಟೆ ನನ್ನದಾಗಿತ್ತು. ಆಮೇಲೆ ನೀನಿದ್ದೆ. ತರಕಾರಿ ತರ್ತೀನಿ ಅಂತ ಅರ್ಧ ಗಂಟೆ ಕೆಳಗಿಳೀತಿದ್ದೆ. ನೀನು ಹೋದ ಮೇಲೆ ಅದೂ ಹೋಯ್ತು. ಆರು ವಾರದಿಂದ ನಾನು ಮೆಟ್ಟಿಲು ಇಳಿದಿಲ್ಲ."

"ಅದಕ್ಕೆ ನನ್ನ ಕೆಲಸ ಕೆಡಿಸಿದ್ರಾ?"

"ನಾನೇನೂ ಕೆಡಿಸ್ಲಿಲ್ಲ. ಸುಮ್ಮನಿದ್ದೆ."

"ಮಾವ ಕೈ ನಡುಗಿ ಬಿದ್ದಾಗ್ಲೂ ಸುಮ್ಮನಿದ್ರಿ!"

ಅತ್ತೆಯ ಮುಖ ಇಳಿಯಿತು. "ಅವತ್ತು ಹೇಳ್ಬೇಕು ಅಂತ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ನೀನು ಓಡಿ ಬಂದೆ. ಮಧ್ಯಾಹ್ನ ಪೂರ್ತಿ ಮನೇಲಿದ್ದೆ. ನಾನು ಬಾಲ್ಕನೀಲಿ ಕೂತೆ, ಯಾರೂ ಕರೀಲಿಲ್ಲ. ಎಷ್ಟು ಹಾಯಾಗಿತ್ತು ಅಂದ್ರೆ ಹೇಳೋದಕ್ಕೆ ಮನಸ್ಸೇ ಬರಲಿಲ್ಲ."

ಸೊಸೆಗೆ ಮೈಯೆಲ್ಲ ಉರಿಯಿತು. ಒಂದು ಒಳ್ಳೆಯ ಬೈಗುಳ ಬಾಯಿಗೆ ಬಂದಿತ್ತು. ಆದರೆ ಈ ಮಾತು ಸುಳ್ಳೆಂದು ಹೇಳಲು ಅವಳಿಗಾಗಲಿಲ್ಲ. ಹನ್ನೊಂದು ವರ್ಷ ಅವಳೂ ಆ ಕರೆ ಕೇಳಿದ್ದಳು. ಬೈಗುಳ ನುಂಗಿ, ಪುಸ್ತಕ ಎತ್ತಿಕೊಂಡು ಹೊರಗೆ ಬಂದಳು.

ಮೂರು ಗಂಟೆಗೆ ಡ್ರೈವರ್ ಬಂದ. ಅವನು ಬೂಟು ಬಿಚ್ಚುವ ಮೊದಲೇ ಹೆಂಡತಿ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಅವನು ಒಂದು ಪುಟ ಓದಿದ. ಇನ್ನೊಂದು ಪುಟ ಓದಿದ. ಮಗಳು ಹೆಗಲ ಮೇಲಿಂದ ಬಗ್ಗಿ "ಕೇಸು ಕ್ಲಿಯರ್" ಎಂದಳು. ಯಾರೂ ನಗಲಿಲ್ಲ.

"ಅಪ್ಪಾ, ನೀನು ಉಗಿ ಬಿಟ್ಟಿದ್ದಕ್ಕೇ ಅನ್ನ ಬೇಯದೆ ಇದ್ದಿದ್ದು."

"ನಾನಾ?" ಎಂದರು ಮಾವ. ಪುಸ್ತಕ ತಮ್ಮ ಕಡೆ ಎಳೆದುಕೊಂಡು, ಕೊನೆಯ ಕಾಲಮಿನ ಮೇಲೆ ಬೆರಳಿಟ್ಟು ಕೆಳಕ್ಕೆ ಇಳಿಸಿದರು. ಗಟ್ಟಿ, ಗಟ್ಟಿ, ಗಟ್ಟಿ. "ಮೂವತ್ತನಾಲ್ಕು ವರ್ಷದಲ್ಲಿ ನನ್ನ ಪಾಳೀಲಿ ಒಂದು ತಪ್ಪು ನಡೆದಿಲ್ಲ," ಎಂದರು. ಧ್ವನಿ ಒಡೆದಿತ್ತು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ಹೇಳಬಾರದಿತ್ತಾ?"

ಅತ್ತೆ ಸೊಸೆಯ ಕಡೆ ನೋಡಿದರು. ಈಗ ಸೊಸೆ ನಿಜ ಹೇಳಿದರೆ ಅತ್ತೆಯ ಮಾನ ಮೂರು ಕಾಸಾಗುತ್ತಿತ್ತು.

"ಅತ್ತೆಗೆ ಏನು ಗೊತ್ತು ಯಂತ್ರದ ವಿಷಯ," ಎಂದಳು. "ಸಹಿ ಹಾಕಿ ಅಂದ್ರಿ, ಹಾಕಿದ್ರು. ಸೋಮವಾರ ನಾನು ಕೆಲಸಕ್ಕೆ ಹೋಗ್ತೀನಿ. ಮಾವ ನೋಡ್ಕೊಳ್ಲಿ, ಆದ್ರೆ ತಿರುಪು ಮುಟ್ಟಬಾರದು."

"ಬಿಟ್ಟಾಯ್ತು ಅಂದ್ಯಲ್ಲ ನಿನ್ನೆ," ಎಂದ ಗಂಡ.

"ನಿನ್ನೆ ಅನ್ನ ಬೇಯ್ತಿರಲಿಲ್ಲ. ಇನ್ನು ನಿಮ್ಮ ಹತ್ರ ಬೇರೆ ಏನು ಕಾರಣ ಇದೆ?"

ಅವನು ಕಾರಣಕ್ಕಾಗಿ ಗೋಡೆ ನೋಡಿದ, ಛಾವಣಿ ನೋಡಿದ. ಸಿಗಲಿಲ್ಲ.

"ಇನ್ನೊಂದು," ಎಂದಳು ಅವಳು. "ಭಾನುವಾರ ಅತ್ತೆಗೆ ರಜೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಎಲ್ಲಿಗೆ ಬೇಕಾದ್ರೂ ಹೋಗ್ಲಿ. ಮಾವನ್ನ ನಾನು ನೋಡ್ಕೋತೀನಿ."

"ಅಮ್ಮಂಗೆ ರಜಾನಾ?" ಡ್ರೈವರ್ ಗೊಳ್ಳೆಂದು ನಕ್ಕ. "ಯಾವ ಕೆಲಸದಿಂದ?"

ಅತ್ತೆ ತಲೆಯೆತ್ತಿ ಮಗನನ್ನು ನೋಡಿದ ರೀತಿಗೆ ಅವನ ನಗು ಅರ್ಧಕ್ಕೇ ನಿಂತಿತು. "ಆಯ್ತು, ಆಯ್ತು," ಎಂದ. "ನಿಜವಾಗ್ಲೂ ಬೇಕಾಗಿದ್ರೆ."

ಸೋಮವಾರ ಸೊಸೆ ಒಂಬತ್ತಕ್ಕೆ ಹತ್ತು ನಿಮಿಷ ಮೊದಲೇ ಮೇಲ್ವಿಚಾರಕಿಯ ಮೇಜಿನ ಮುಂದಿದ್ದಳು. "ಅನುಕೂಲ ಆಯ್ತಾ?" ಎಂದು ಅವರು ಪೆನ್ನು ಕೊಟ್ಟರು. ಅವಳು ಸಹಿ ಹಾಕಿ ತನ್ನ ಕುರ್ಚಿಗೆ ಹೋಗಿ ಕೂತಳು. ಸಂಜೆ ಮನೆಗೆ ಬಂದರೆ ಮಾವ ಊಟ ಮಾಡಿ ಮಲಗಿದ್ದರು. ಅವತ್ತಿನ ಪುಟದಲ್ಲಿ 'ಅನ್ನ: ಮೆತ್ತಗೆ' ಎಂದಿತ್ತು. ಆದರೆ ಮುಂದಿನ ವಾರ ಅವರು ಬರೆಯುವುದನ್ನೇ ನಿಲ್ಲಿಸಿದರು. ಸ್ಟೂಲು ಹಾಲಿಗೆ ವಾಪಸ್ಸಾಯಿತು. ಕುಕ್ಕರನ್ನು ಕಾಯುವ ಕೆಲಸ ತಪ್ಪಿದ ಮೇಲೆ ಆ ಹೊತ್ತನ್ನೂ ಸೇರಿಸಿ ಹೆಂಡತಿ ಎಲ್ಲಿದ್ದಾಳೆಂದು ನೋಡತೊಡಗಿದರು.

ಮೊದಲ ಭಾನುವಾರ ಅತ್ತೆ ತಲೆ ಬಾಚಿಕೊಂಡು, ಕೈಚೀಲ ಹಿಡಿದು, ಹತ್ತು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ನಿಂತರು. "ಬರ್ತೀನಿ," ಎಂದರು. ಯಾರ ಕಡೆಯೂ ನೋಡಲಿಲ್ಲ. ಸಂಜೆ ಐದಕ್ಕೆ ಬಂದರು.

"ಎಲ್ಲಿಗೆ ಹೋಗಿದ್ರಿ ಅಜ್ಜಿ?" ಎಂದು ವಕೀಲಿ ಪಾಟೀಸವಾಲಿಗೆ ನಿಂತಳು.

"ಊರೆಲ್ಲ ಸುತ್ತಿದೆ. ಚೆನ್ನಾಗಿತ್ತು."

ಎರಡನೆಯ ಭಾನುವಾರವೂ ಚೆನ್ನಾಗಿತ್ತು. ಆ ಏಳು ಗಂಟೆಯಲ್ಲಿ ಮಾವ ಸೊಸೆಯನ್ನು ಎಷ್ಟು ಸಲ ಕರೆದರೆಂದರೆ ಅವಳು ಸ್ನಾನಕ್ಕೆ ಹೋಗಬೇಕಾದರೂ ಮೊದಲೇ ಹೇಳಿ ಹೋಗುವಂತಾಯಿತು. ಪರವಾಗಿಲ್ಲ, ವಾರಕ್ಕೊಂದು ದಿನ ತಾನೇ ಎಂದುಕೊಂಡಳು. ಅತ್ತೆ ಎಲ್ಲೋ ಪಾರ್ಕಿನಲ್ಲೋ ಅಂಗಡಿ ಬೀದಿಯಲ್ಲೋ ನಾಲ್ಕು ಜನರ ನಡುವೆ ಕೂತಿರಬಹುದೆಂದು ನೆನೆದರೆ ಅವಳಿಗೆ ಸಂತೋಷವಾಗುತ್ತಿತ್ತು. ತನ್ನ ಕುರ್ಚಿಗೆ ತೆತ್ತದ್ದು ಹೆಚ್ಚೇನಲ್ಲ ಎನಿಸುತ್ತಿತ್ತು.

ಮೂರನೆಯ ಭಾನುವಾರ ಊಟ ಮುಗಿದ ಮೇಲೆ ಕಸದ ಚೀಲ ಹಿಡಿದು ಕೆಳಗೆ ಹೊರಟಳು. ಕಸ ಹಾಕುವುದು ಎಂದೂ ಗಂಡನ ಕೆಲಸ. ಅವತ್ತು ಅವನು ನಿದ್ದೆ ಹೋಗಿದ್ದ. ಎರಡನೆಯ ಮಹಡಿ ದಾಟಿ ತಿರುಗಿದರೆ, ಯಾರದೋ ಹಳೆಯ ಸೈಕಲ್ ನಿಲ್ಲಿಸಿದ್ದ ಆ ಕತ್ತಲೆ ತಿರುವಿನ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಚಪ್ಪಲಿ ಪಕ್ಕಕ್ಕೆ ಜೋಡಿಸಿಟ್ಟಿದ್ದರು. ಕೈಚೀಲ ತೊಡೆಯ ಮೇಲಿತ್ತು.

"ಅತ್ತೆ! ಇಲ್ಲಿ ಯಾಕೆ ಕೂತಿದೀರ? ಮೈ ಹುಷಾರಿಲ್ವಾ?"

"ಮೆಲ್ಲಗೆ ಮಾತಾಡೇ," ಎಂದರು ಅತ್ತೆ. "ಮೇಲೆ ಕೇಳಿಸುತ್ತೆ."

"ಎಷ್ಟು ಹೊತ್ತಿಂದ?"

ಅತ್ತೆ ಕೈಚೀಲದ ಹಿಡಿ ಸರಿಮಾಡಿಕೊಂಡರು.

"ಹೋದ ವಾರ?"

"ಹೋದ ವಾರಾನೂ ಇಲ್ಲೇ. ಅದರ ಹಿಂದಿನ ವಾರ ಬಸ್ ಸ್ಟಾಪ್ ತನಕ ಹೋದೆ. ಒಂದಾದ ಮೇಲೆ ಒಂದು ಬಸ್ ಬಂತು. ಹತ್ತೋರಿಗೆಲ್ಲ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿತ್ತು. ನಂಗೊಬ್ಬಳಿಗೆ ಗೊತ್ತಾಗ್ಲಿಲ್ಲ. ವಾಪಸ್ ಬಂದೆ."

"ಮನೆಗೇ ಬರಬಾರದಿತ್ತಾ?"

"ಬೇಗ ಬಂದ್ರೆ ನಿನ್ನ ಗಂಡ ಬಿಡ್ತಾನಾ? ಅಮ್ಮಂಗೆ ರಜಾ ಬೇಕಾಗೇ ಇಲ್ಲ ಅಂತಾನೆ. ಇಲ್ಲಿ ಪರವಾಗಿಲ್ಲ, ಗಾಳಿ ಬರುತ್ತೆ."

ಸೊಸೆ ಕಸದ ಚೀಲವನ್ನು ಗೋಡೆಗೊರಗಿಸಿ ಪಕ್ಕದಲ್ಲಿ ಕೂತಳು. ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅತ್ತೆ ಅವಳ ಕಡೆ ವಾಲಿ, ಗುಟ್ಟು ಕೇಳುವವರಂತೆ ಕೇಳಿದರು.

"ನೀನು ದಿನಾ ಹೋಗ್ತೀಯಲ್ಲ. ಹೊರಗೆ ಹೋದೋರು ಎಲ್ಲಿಗೆ ಹೋಗ್ತಾರೆ?"

ಸೊಸೆ ಹೇಳಲು ಬಾಯಿ ತೆರೆದಳು. ಮನೆಯಿಂದ ಬಸ್ಸು, ಬಸ್ಸಿನಿಂದ ಆಸ್ಪತ್ರೆಯ ಹಿಂಬಾಗಿಲು, ಅಲ್ಲಿಂದ ಮತ್ತೆ ಬಸ್ಸು. ಅದರಾಚೆ ಅವಳಿಗೂ ಯಾವ ದಾರಿಯೂ ಗೊತ್ತಿರಲಿಲ್ಲ.